ಗೋಡೆಗೆ ಮಾಡಿದ ಕತ್ತಿ

ಉಮ್ದುರ್ಮಾನ್
ಜುಲ್‌ಕಾದ ತಿಂಗಳ ಹತ್ತು, ೧೩೫೨

ತಮ್ಮ ಜುಬಾರಾನಿಗೆ ಅಕ್ಕ ಸಿತ್ತಾನಾಳ ಸಲಾಮು.

ನೀನೂ ನಿನ್ನ ಹೆಂಡತಿ ಮಕ್ಕಳೂ ಪೋರ್ಟ್ ಸುಡಾನಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. ಮದುವೆ ಮುಗಿದು ಇಷ್ಟು ದಿನವಾದರೂ ಅಕ್ಕ ಒಂದು ಸಾಲು ಬರೆಯಲಿಲ್ಲವಲ್ಲ ಎಂದು ಬೇಸರಪಟ್ಟಿರುತ್ತೀಯೆ. ಕ್ಷಮಿಸು. ಬರೆಯಲು ಕೂತದ್ದೇನೋ ಉಂಟು. ಪ್ರತಿ ಸಲವೂ ಮೊದಲ ಸಾಲಿನಲ್ಲೇ ಬೈಗುಳ ಬಂತು, ಹರಿದು ಒಲೆಗೆ ಹಾಕಿದೆ. ಕಾಗದ ತರಲು ಹೋದರೆ ಅಂಗಡಿಯವನು, "ಏನಮ್ಮಾ, ಮಗನ ಮದುವೆ ಆದ್ಮೇಲೆ ಮದ್ರಸಾ ಶುರು ಮಾಡ್ದೆಯಾ?" ಎಂದು ಕೇಳಿದ.

ನೀನು ಕಳಿಸಿದ ರೇಷ್ಮೆಯೂ ಗಂಧದೆಣ್ಣೆಯೂ ತಲುಪಿದವು. ರೇಷ್ಮೆಯನ್ನು ಬೀದಿಯ ಹೆಂಗಸರೆಲ್ಲ ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿ, "ಸೋದರಮಾವ ಅಂದ್ರೆ ಹಿಂಗಿರ್ಬೇಕು ಕಣಮ್ಮಾ" ಅಂದರು. ನಾನೂ ಹಲ್ಲು ಕಿರಿದೆ. ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಬಿಟ್ಟರೆ. ಆಡು ಮರಿ ಹಾಕಿದೆ. ಉತ್ತರದ ಗಾಳಿ ಇನ್ನೂ ನಿಂತಿಲ್ಲ, ಹಿಟ್ಟಿನಲ್ಲೂ ಮರಳು, ಹಾಸಿಗೆಯಲ್ಲೂ ಮರಳು. ನಾನು ಎಂದಿನಂತೆ ಟೋಪಿ ಹೊಲಿಯುತ್ತಿದ್ದೇನೆ. ಕಣ್ಣು ಮೊದಲಿನ ಹಾಗಿಲ್ಲ, ಸೂಜಿಗೆ ದಾರ ಪೋಣಿಸಲು ಯಾರನ್ನಾದರೂ ಕೂಗಬೇಕು.

ಸುದ್ದಿ ಇಷ್ಟು. ಇನ್ನು ವಿಷಯಕ್ಕೆ ಬರುತ್ತೇನೆ. ರೈಲಿನಲ್ಲಿ ಬಂದ ಚಹಾ ವ್ಯಾಪಾರಿಯ ಬಾಯಲ್ಲಿ ನೀನು ಹೇಳಿಕಳಿಸಿದ್ದು ಮುಟ್ಟಿತು. "ಅಪ್ಪನ ಕತ್ತಿ ರಿಪೇರಿ ಮಾಡಿದ ಉಸ್ತಾ ಕರ್ರಾರ್ ಅಸಲಿ ನುಂಗಿ ನಕಲಿ ಕೊಟ್ಟಿದ್ದಾನೆ, ಆ ಕಮ್ಮಾರನನ್ನು ಬಿಡಬೇಡಿ" ಎಂದಿದ್ದೆ. ನಾವು ಬಿಡಲಿಲ್ಲ. ಅದನ್ನೂ ಹೇಳುತ್ತೇನೆ. ಆದರೆ ಮೊದಲು ಮದುವೆಯ ದಿನದ್ದು ಕೇಳು. ರಜೆ ಸಿಗಲಿಲ್ಲವೆಂದು ನೀನು ಬರಲಿಲ್ಲ. ಸೋದರಮಾವ ಹಿಡಿಯಬೇಕಾದ ಒರೆಯನ್ನು ಪಕ್ಕದ ಮನೆಯವನು ಹಿಡಿದ. ಬಂದಿದ್ದರೆ ಎಲ್ಲವನ್ನೂ ಕಣ್ಣಾರೆ ನೋಡುತ್ತಿದ್ದೆ.

ಟೋಪಿ ಹೊಲಿಯುವ ವಿಧವೆಯ ಮಗನಿಗೆ ಜೋಳದ ಮಂಡಿಯ ಹಾಜಿ ಬದವಿ ಮಗಳನ್ನು ಕೊಟ್ಟದ್ದು ಯಾಕೆಂದು ನಿನಗೆ ಗೊತ್ತು. ನಮ್ಮ ತಾಜಸ್ಸಿರ್ ರೂಪ ನೋಡಿ ಅಲ್ಲ, ಅವನ ಸಂಬಳ ನೋಡಿ ಅಂತೂ ಅಲ್ಲವೇ ಅಲ್ಲ. "ಕರಾರಿ ಬಯಲಲ್ಲಿ ಇಂಗ್ಲಿಷರ ಫಿರಂಗಿ ಎದುರು ಬಿದ್ದ ದೈಫಲ್ಲಾನ ಮೊಮ್ಮಗ. ಆ ಕತ್ತಿ ನನ್ನ ಮನೆ ಬಾಗಿಲು ಮುಟ್ಲಿ, ನನಗಷ್ಟೇ ಸಾಕು" ಎಂದು ಹಾಜಿ ಎಲ್ಲರೆದುರು ಹೇಳಿದ್ದ. ನನ್ನ ಮಗ ತನ್ನ ಅಪ್ಪನ ಮುಖ ನೋಡಿದವನಲ್ಲ. ತಾತನ ಕತ್ತಿಯನ್ನು ನೋಡುತ್ತ ಬೆಳೆದವನು. ಮದುವೆಗೆ ವಾರವಿರುವಾಗಲೇ ದಿನಕ್ಕೊಮ್ಮೆ ಅದನ್ನು ಗೂಟದಿಂದ ಇಳಿಸಿ, ಎಳ್ಳೆಣ್ಣೆ ಹಚ್ಚಿ, ಒರೆಸಿ, ಮತ್ತೆ ಹಾಕುವುದು. "ಲೋ, ಹೆಂಡ್ತಿಗೂ ಸ್ವಲ್ಪ ಎಣ್ಣೆ ಉಳಿಸೋ" ಎಂದು ಗೆಳೆಯರು ಅವನನ್ನು ಗೋಳು ಹೊಯ್ದುಕೊಂಡರು.

ಎರಡು ವರ್ಷದ ಕೆಳಗೆ ಬಕ್ರೀದಿಗೆ ಬಂದಾಗ ನೀನೇ ಅಲ್ಲವೇ, ಹಿಡಿ ಸಡಿಲವಾಗಿದೆ, ಒರೆ ಕೊಳೆತಿದೆ ಎಂದು ಅದನ್ನು ಪೇಟೆಗೆ ಒಯ್ದು ಹೊಸ ಮಾಡಿಸಿಕೊಂಡು ಬಂದದ್ದು. ಮೊಸಳೆ ಚರ್ಮದ ಒರೆ, ಬೆಳ್ಳಿ ಬಳೆಯ ಹಿಡಿ. ನಾನು ಕುಣಿದಾಡಿಬಿಟ್ಟೆ. ಮೊಸಳೆ ಚರ್ಮ ನಮ್ಮವರ ಚಾಳಿಯಲ್ಲ, ಬಿಳಿ ಸಾಹೇಬರ, ಖವಾಜಾಗಳ ಶೋಕಿ ಎಂದು ಆಗ ಹೊಳೆಯಲೇ ಇಲ್ಲ. ನಮ್ಮ ಜುಬಾರಾ ನಾಲ್ಕು ಕಾಸು ಖರ್ಚು ಮಾಡಿ ಅಪ್ಪನಿಗೆ ಮರ್ಯಾದೆ ಮಾಡಿದ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ. ಕತ್ತಿ ನೋಡಲು ಅಪ್ಪನದಕ್ಕಿಂತ ಅಪ್ಪನದಾಗಿತ್ತು.

ಸಂಜೆ ಅಸರ್ ನಮಾಜು ಮುಗಿಸಿ ಮೆರವಣಿಗೆ ಹೊರಟಿತು. ಡೋಲು, ಚಪ್ಪಾಳೆ, ಹುಡುಗಿಯರ ಹಾಡು, ಧೂಳು. ಮಗ ಬಿಳಿಯ ಉಡುಪಿನಲ್ಲಿ, ಹಣೆಗೆ ಕೆಂಪು ರೇಷ್ಮೆ ಕಟ್ಟಿ, ಕೈಗೆ ಮದರಂಗಿ ಬಳಿದುಕೊಂಡು ಕತ್ತಿ ಎತ್ತಿ ನಡೆದ. ನೋಡಿ ನನ್ನ ಎದೆ ತುಂಬಿ ಬಂತು, ಸುಳ್ಳು ಹೇಳಲಾರೆ. ಹಾಜಿ ಬದವಿಯ ಬಾಗಿಲಿಗೆ ಬಂದೆವು. ಮದುಮಗ ಬಾಗಿಲ ತೊಲೆಗೆ ಕತ್ತಿಯಿಂದ ಹೊಡೆದು ಒಳಗೆ ಹೋಗಬೇಕಲ್ಲ. ನಿನ್ನ ಮದುವೆಯಲ್ಲಿ ನೀನು ಇದೇ ಅಪ್ಪನ ಕತ್ತಿಯಿಂದ ಹೊಡೆದ ಹೊಡೆತಕ್ಕೆ ಚಕ್ಕೆ ಎದ್ದು ನಿನ್ನ ಮಾವನ ಪೇಟದ ಮೇಲೆ ಬಿದ್ದಿತ್ತು; ನೆನಪಿದೆಯಾ? ಆಮೇಲೆ ಎಷ್ಟು ದಿನ ನಕ್ಕಿದ್ದೆವು.

ತಾಜಸ್ಸಿರ್ ಬಿಸ್ಮಿಲ್ಲಾ ಎಂದು ಹೊಡೆದ. ಜೋರಾಗಿಯೇ ಹೊಡೆದ. ಟಣ್ ಎನ್ನಲಿಲ್ಲ. ಖಾಲಿ ಎಣ್ಣೆ ಡಬ್ಬಕ್ಕೆ ಸೌಟು ಬಡಿದ ಹಾಗೆ ಡಬ್ ಎಂದಿತು. ಕತ್ತಿ ನಟ್ಟನಡುವೆ ಬಾಗಿತು. ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ನನ್ನ ಮಗ ಕುಡುಗೋಲು ಹಿಡಿದ ಕೂಲಿಯವನಂತೆ ಬಾಗಿಲಲ್ಲಿ ನಿಂತ. ಹುಡುಗಿಯರ ಹಾಡು ನಿಂತಿತು. ಡೋಲಿನವನೊಬ್ಬ ಮಾತ್ರ ನೋಡದೆ ಬಾರಿಸುತ್ತಲೇ ಇದ್ದ, ಯಾರೋ ಅವನ ಭುಜ ಹಿಡಿದು ನಿಲ್ಲಿಸಿದರು.

ಹುಡುಗಿಯ ಅಜ್ಜಿ, ಹಾಜಿ ಬದವಿಯ ತಾಯಿ, ಆ ಮುದುಕಿಯನ್ನು ಎಲ್ಲರೂ ಹಬೂಬಾ ಎಂದೇ ಕರೆಯುತ್ತಾರೆ, ಒಳಗಿನಿಂದ ಬಂದಳು. ಕತ್ತಿಯನ್ನು ಕೈಗೆ ತೆಗೆದುಕೊಂಡಳು. ಉಗುರಿನಿಂದ ಕೆರೆದಳು. ನನ್ನ ಮಗನ ಮುಖ ನೋಡಿದಳು.

"ಇದು ಗೋಡೆ ಕತ್ತಿ ಕಣೋ ಮಗಾ," ಅಂದಳು. "ಖವಾಜಾಗಳು ಗೋಡೆಗೆ ತಗುಲಿಹಾಕ್ಕೊಳ್ಳೋದು. ಇದನ್ನ ಹಿಡ್ಕೊಂಡು ನಮ್ಮ ಹುಡುಗೀನ ಗೋಡೆಗೆ ತಗುಲಿಹಾಕೋಕೆ ಬಂದ್ಯಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕರೆ ಸಾಕಲ್ಲ. ಆಮೇಲೆ ಎಲ್ಲರೂ ನಕ್ಕರು. ನಮ್ಮ ಕಡೆಯವರೂ ನಕ್ಕರು, ಜುಬಾರಾ. ಮಗ ನನ್ನ ಕಡೆ ತಿರುಗಿ, "ಅಮ್ಮಾ, ಇದೇನಮ್ಮಾ?" ಎಂದು ಕೇಳಿದ. ಅವನು ಚಿಕ್ಕವನಿದ್ದಾಗ ಬಿದ್ದು ಮಂಡಿ ಒಡೆದುಕೊಂಡರೆ ಹಾಗೆ ಕೇಳುತ್ತಿದ್ದ.

ಹಾಜಿ ಬದವಿ ನಗಲಿಲ್ಲ, ಕೂಗಾಡಲಿಲ್ಲ. ಬಂದವರಿಗೆಲ್ಲ ಕುರಿ ಮಾಂಸ ಬಡಿಸಿದ. ಎಲ್ಲರೂ ಕೈ ತೊಳೆದುಕೊಂಡ ಮೇಲೆ ಹೇಳಿದ: "ನಿಕಾಹ್ ಆಗಿದೆ, ಅದನ್ನ ಮುರಿಯೋನು ನಾನಲ್ಲ. ಆದ್ರೆ ಹುಡುಗಿ ಇಲ್ಲೇ ಇರ್ತಾಳೆ. ಆ ಕತ್ತಿ ಎಲ್ಲಿ ಹೋಯ್ತು ಅಂತ ನೀವು ಬಂದು ಹೇಳೋವರೆಗೂ ಕಳ್ಸಲ್ಲ. ಒಂದೋ ನೀವು ಮಾರ್ಕೊಂಡಿದ್ದೀರಿ, ಇಲ್ಲಾ ಅಂಥ ಕತ್ತಿ ಇರ್ಲೇ ಇಲ್ಲ. ಇರ್ಲೇ ಇಲ್ಲ ಅಂದ್ರೆ ಆ ಕರಾರಿ ಕತೆಯೂ ಪೇಟೇಲಿ ಖವಾಜಾಗಳಿಗೆ ಹೇಳೋ ಅಂಥದ್ದೇ ಇರ್ಬೇಕು."

ಕೇಳಿಸಿಕೊಂಡೆಯಾ? ನಮ್ಮ ಅಪ್ಪ ಸತ್ತದ್ದೇ ಸುಳ್ಳು ಎಂಬಲ್ಲಿಗೆ ಬಂತು ಮಾತು. ನನಗಾಗ ಐದು ವರ್ಷ, ನೀನು ಇನ್ನೂ ಹೊಟ್ಟೆಯಲ್ಲಿದ್ದೆ. ಊರು ಬಿದ್ದ ಮೇಲೆ ಇಂಗ್ಲಿಷರ ಸಿಪಾಯಿಗಳು ಮನೆಮನೆಗೂ ನುಗ್ಗಿ ಆಯುಧ ಹುಡುಕಿದಾಗ, ಅಮ್ಮ ಹಗ್ಗದ ಮಂಚದ ಮೇಲೆ ಚಾಪೆಯ ಅಡಿ, ಅಪ್ಪನ ಜೊತೆಯವರು ಬಯಲಿನಿಂದ ತಂದುಕೊಟ್ಟ ಈ ಕತ್ತಿ ಇಟ್ಟುಕೊಂಡು, ಹೆರಿಗೆ ನೋವು ಬಂದವಳ ಹಾಗೆ ಒದ್ದಾಡಿ ಅದನ್ನು ಉಳಿಸಿದ್ದಳು. ಈ ಕತೆ ಕೇಳದೆ ನಾವಿಬ್ಬರೂ ಬಾಲ್ಯದಲ್ಲಿ ಒಂದು ದಿನ ಮಲಗಿದ್ದಿಲ್ಲ. ಅದನ್ನೇ ಒಬ್ಬ ಜೋಳದ ವ್ಯಾಪಾರಿ ನನ್ನ ಮುಖದ ಮೇಲೆ ಸುಳ್ಳು ಅಂದ, ನಾನು ತಲೆ ತಗ್ಗಿಸಿ ಕೇಳಿಸಿಕೊಂಡು ಬಂದೆ.

ಅಂದಿನಿಂದ ನನ್ನ ಮಗನಿಗೆ ಪೇಟೆಯಲ್ಲಿ ಹೊಸ ಹೆಸರು ಬಂತು. "ಗೋಡೆ ಮದುಮಗ ಬಂದ, ಮೊಳೆ ಹೊಡೀರೋ" ಅನ್ನುವುದು. ಹುಡುಗಿಯರು ಹಾಡೂ ಕಟ್ಟಿದರು. ಹಾಡು ಚೆನ್ನಾಗಿಯೇ ಇದೆ, ಹಾಳಾದ್ದು. ನನ್ನ ಬಾಯಲ್ಲೇ ಒಮ್ಮೊಮ್ಮೆ ಬರುತ್ತದೆ. ಅವನು ಕೆಲಸಕ್ಕೆ ಹೋಗುವುದು ಬಿಟ್ಟ. ಊಟ ಬಿಟ್ಟ. ಅತ್ತ ಮದೀನಾ, ಪಾಪದ ಹುಡುಗಿ, ಮದರಂಗಿ ಬಣ್ಣ ಮಾಸುವವರೆಗೂ ಅಪ್ಪನ ಮನೆಯಲ್ಲೇ ಮದುಮಗಳಾಗಿ ಕೂತಳು.

ನಿನಗೆ ತಂತಿ ಕಳಿಸಿದೆವು. ನಿನ್ನ ಉತ್ತರ ಚಹಾ ವ್ಯಾಪಾರಿಯ ಬಾಯಲ್ಲಿ ಬಂತು. ಕರ್ರಾರ್ ಮೋಸ ಮಾಡಿದ ಎಂದು ಕೇಳಿದ್ದೇ ತಡ, ತಾಜಸ್ಸಿರ್ ಗೆಳೆಯರನ್ನು ಕಟ್ಟಿಕೊಂಡು ಹೋಗಿ ಆ ಮುದುಕನ ಅಂಗಡಿಯನ್ನು ಪುಡಿಪುಡಿ ಮಾಡಿಬಂದ. ಆಸಿಡ್ ಗಡಿಗೆಗಳನ್ನು ಉರುಳಿಸಿದರು, ತಿದಿ ಹರಿದರು, ಒರೆಗಳಿಗೆ ಕಟ್ಟುವ ಮೊಸಳೆ ಕಾಲುಗಳ ಬುಟ್ಟಿಯನ್ನು ಬೀದಿಗೆ ಚೆಲ್ಲಿದರು. ಬಂದವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. ಕಿಸ್ರಾ ರೊಟ್ಟಿ ಹಾಕಿಸಿಕೊಂಡು ಹೊಟ್ಟೆ ತುಂಬ ತಿಂದ. ತಿನ್ನುತ್ತ ತಿನ್ನುತ್ತ, "ಒಂದು ಮಾತೂ ಎದುರಾಡ್ಲಿಲ್ಲ ಆ ಮುದುಕ. 'ನಿಮ್ಮ ಮಾವನ್ನ ಕೇಳ್ರೋ, ನಿಮ್ಮ ಮಾವನ್ನ ಕೇಳ್ರೋ' ಅಂತ ಅಷ್ಟೇ ಅಂತಿದ್ದ" ಎಂದ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಬೆಳಿಗ್ಗೆ ನಾನೇ ಪೇಟೆಗೆ ಹೋದೆ. ಕರ್ರಾರ್ ನೆಲದ ಮೇಲೆ ಕೂತು ಗಡಿಗೆ ಚೂರು ಆರಿಸುತ್ತಿದ್ದ.

"ಬಾರಮ್ಮಾ. ನಿನ್ನೆ ಮಗ, ಇವತ್ತು ತಾಯಿ. ಒಡೆಯೋಕೆ ಏನೂ ಉಳ್ದಿಲ್ಲ, ಕೂತ್ಕೋ" ಎಂದ.

"ನಮ್ಮಪ್ಪನ ಕತ್ತಿ ಎಲ್ಲಿ?"

"ನಿಮ್ಮಪ್ಪನ ಕತ್ತಿ ನಾನ್ಯಾಕೆ ನುಂಗ್ಲಿ? ಕಿಸ್ರಾ ನುಂಗೋಕೇ ನನಗೆ ಹಲ್ಲಿಲ್ಲ."

"ಆ ನಕಲಿ ನೀನು ಮಾಡಿದ್ದಲ್ವಾ?"

"ನಾನೇ ಮಾಡಿದ್ದು!" ಎಂದು ಎದೆ ಸೆಟೆಸಿದ. ನನಗೆ ಮೈಯೆಲ್ಲ ಉರಿಯಿತು. "ಆ ಅಲಗಿನ ಮೇಲಿನ ಚಂದ್ರನ್ನ ನೋಡಿದ್ಯಾ? ಕಣ್ಣು ಮೂಗು ಇರೋ ಎರಡು ಚಂದ್ರ, ಎದುರುಬದುರು, ಒಂದರ ಮೂಗು ಸವೆದಿರೋ ಹಂಗೆ. ಕತ್ತೆ ಲದ್ದೀಲಿ ಹೂತು, ಖರ್ಜೂರದ ಹುಳೀಲಿ ನೆನ್ಸಿ ಬಣ್ಣ ಬರ್ಸಿದ್ದು. ಆದ್ರೆ ತಾಯೀ, ನಾನು ಮಾಡಿದ್ದು ಗೋಡೆಗೆ. ಬಾಗಿಲಿಗಲ್ಲ. ಅದು ಪೀಪಾಯಿ ಪಟ್ಟಿ. ಗೋಡೆಗೆ ಮಾಡಿದ್ದನ್ನ ತಗೊಂಡ್ಹೋಗಿ ಬಾಗಿಲಿಗೆ ಬಡಿದ್ರೆ ಅದೇನು ಮಾಡತ್ತೆ, ಪಾಪ?"

"ನಮ್ಮ ಮನೆಗೆ ಯಾಕೆ ಕೊಟ್ಟೆ ಅದನ್ನ?"

"ನಿಮ್ಮ ಮನೆಗೆ ಯಾರು ಕೊಟ್ರು? ನಿನ್ನ ತಮ್ಮ ಅಸಲಿ ಮಡಿಲಲ್ಲಿ ಇಟ್ಕೊಂಡು ಕೂತಿದ್ದ. ಇಲ್ಲೇ, ನೀನು ಕೂತಿರೋ ಜಾಗದಲ್ಲೇ. 'ಉಸ್ತಾ, ಇಲ್ಲಿ ಇನ್ನೂ ಆಳ ಬೇಕು. ಆ ಕಚ್ಚು ಮರೀಬೇಡ, ಉಸ್ತಾ' ಅಂತ ಹೇಳ್ಕೊಡ್ತಿದ್ದ. ಎರಡೂ ಕತ್ತಿ ಜೊತೇಲೇ ತಗೊಂಡು ಹೋದ. ಯಾಕಪ್ಪಾ ಅಂತ ನಾನೂ ಕೇಳ್ದೆ. 'ನಮ್ಮ ಸಾಹೇಬರಿಗೆ ಆಸೆ, ಅದಕ್ಕೆ' ಅಂದ. ನನಗೆ ಖುಷಿಯಾಯ್ತು. ಎಲ್ಲರೂ ಹಂಗೇ ಮಾಡೋದಲ್ವಾ? ಖವಾಜಾ ಕಣ್ಣು ಹಾಕಿದ ಅಂದ್ರೆ ನನ್ನ ಹತ್ರ ಬರೋದು, ನಕಲಿ ಮಾಡ್ಸೋದು. ನಕಲಿ ಹಡಗು ಹತ್ತತ್ತೆ, ಅಸಲಿ ಮನೇಲಿರತ್ತೆ. ಈ ಕಸುಬು ಇರೋದೇ ಅದಕ್ಕೆ. ನಾನು ಮಾರಿರೋ ಕರಾರಿ ಕತ್ತಿಗಳೆಲ್ಲ ನಿಜವಾಗ್ಲೂ ಕರಾರೀಲಿ ಇದ್ದಿದ್ರೆ ನಾವು ಆವತ್ತು ಗೆದ್ದೇ ಬಿಡ್ತಿದ್ವಿ."

ನಗು ಬರುವ ಹೊತ್ತಲ್ಲ ಅದು. ಆದರೂ ಬಂತು, ಅದರ ಹಿಂದೆಯೇ ಅಳು ಬಂತು. ಅವನು ಕೈಯಲ್ಲಿದ್ದ ಗಡಿಗೆ ಚೂರನ್ನು ಕೆಳಗಿಟ್ಟ.

"ಆ ಚಳಿಗಾಲದಲ್ಲಿ ನಿನ್ನ ತಮ್ಮನ ಸಾಹೇಬ ಊರಿಗೆ ವಾಪಸ್ ಹೋಗೋ ಮುಂಚೆ ಇಲ್ಲಿಗೆ ಬಂದಿದ್ದ," ಎಂದ. "ಮೋಟಾರಿನಿಂದ ಇಳೀಲಿಲ್ಲ. ಕಿಟಕೀಲಿ ಕತ್ತಿ ತೋರ್ಸಿ, 'ಇದು ಅಸಲೀನಾ?' ಅಂತ ಕೇಳ್ದ. ನಾನು ನನ್ನದೇ ಮಾಲು ಅಂದ್ಕೊಂಡು, 'ಅಲ್ಲಾನಾಣೆಗೂ ಅಸಲಿ ಸಾಹೇಬ್ರೇ' ಅಂದೆ. ಎಲ್ಲದಕ್ಕೂ ಹಂಗೇ ಅನ್ನೋದು ತಾನೆ? ನಿನ್ನ ಮಗನ ಕೈಯಲ್ಲಿ ಬಾಗಿತು ಅಂತ ಕೇಳಿದ್ಮೇಲೆ ಗೊತ್ತಾಯ್ತು ನೋಡು, ಜೀವಮಾನದಲ್ಲಿ ಒಂದೇ ಒಂದು ಸಲ ನಿಜವಾದ ಆಣೆ ಹಾಕಿದ್ದೆ ಅಂತ. ನಿನ್ನ ತಮ್ಮ ಉಲ್ಟಾ ಮಾಡ್ಬಿಟ್ನಲ್ಲಮ್ಮಾ."

ಉಲ್ಟಾ ಮಾಡಿಬಿಟ್ಟೆ, ಜುಬಾರಾ.

ಊರಲ್ಲಿ ಕುಡುಕರಿದ್ದಾರೆ, ಜೂಜುಕೋರರಿದ್ದಾರೆ, ಕಳ್ಳರಿದ್ದಾರೆ. ಅವರಲ್ಲಿ ಒಬ್ಬನೂ ಮಾಡದ್ದನ್ನು ನೀನು ಮಾಡಿದೆ. ಅವರು ಖವಾಜಾನಿಗೆ ಟೋಪಿ ಹಾಕಿದರು, ನೀನು ನನಗೆ ಹಾಕಿದೆ. ಹಸಿವೆಗೆ ಮಾರಿಕೊಂಡೆಯಾ? ಅದೂ ಇಲ್ಲ. ನಿನ್ನ ಹತ್ತಿ ಕಂಪನಿಯ ಸಾಹೇಬನಿಗೆ ಉಡುಗೊರೆ ಕೊಟ್ಟೆ. ನಕಲಿ ಕೊಟ್ಟರೆ ಸಿಕ್ಕಿಬೀಳುತ್ತೇನೆ, ಕುರ್ಚಿ ತಪ್ಪುತ್ತದೆ ಎಂದು ಹೆದರಿದೆ. ಅಕ್ಕನ ಮನೆಯಲ್ಲಾದರೆ ಯಾರು ನೋಡುತ್ತಾರೆ, ಗೂಟದಲ್ಲಿ ನೇತಾಡಿಕೊಂಡಿರುತ್ತದೆ ಎಂದುಕೊಂಡೆ. ಆ ವರ್ಷವೇ ನೀನು ಹೆಡ್ ಗುಮಾಸ್ತನಾದೆ. ನಾನು ಬೀದಿಗೆಲ್ಲ ಖರ್ಜೂರ ಹಂಚಿದೆ. "ತಂದೆಯಿಲ್ಲದ ಹುಡುಗ ಎಲ್ಲಿಂದ ಎಲ್ಲಿಗೆ ಬಂದ ನೋಡ್ರೇ" ಎಂದು ಕಣ್ಣೊರೆಸಿಕೊಂಡೆ.

ಕತ್ತಿ ಹೋದದ್ದನ್ನಾದರೂ ಮರೆತೇನು. ಆ ಕಚ್ಚನ್ನು ಮರೆಯಲಾರೆ. ಅಪ್ಪನ ಅಲಗಿಗೆ ಕರಾರಿಯಲ್ಲಿ ಏನೋ ಬಡಿದು ಆದ ಕಚ್ಚು ಅದು. ಅಪ್ಪ ಆ ದಿನ ಎದುರು ನಿಂತಿದ್ದ ಅನ್ನುವುದಕ್ಕೆ ನಮ್ಮ ಹತ್ತಿರ ಇದ್ದ ಒಂದೇ ಗುರುತು. ಚಿಕ್ಕಂದಿನಲ್ಲಿ ಇಬ್ಬರೂ ಅದರಲ್ಲಿ ಕಿರುಬೆರಳಿಟ್ಟು ಆಡುತ್ತಿದ್ದೆವು. ಅದನ್ನೂ ನೀನು ಪಕ್ಕದಲ್ಲಿ ಕೂತು ಅರದಿಂದ ಕೊರೆಸಿದೆ. "ಮರೀಬೇಡ, ಉಸ್ತಾ" ಎಂದೆ. ಅಕ್ಕ ಬೆರಳಿಟ್ಟು ನೋಡುತ್ತಾಳೆ ಎಂದು ನಿನಗೆ ಗೊತ್ತಿತ್ತು. ಬೆರಳಿಟ್ಟು ನೋಡಿದೆ ಕಣೋ. ಎರಡು ವರ್ಷವೂ ನೋಡಿದೆ.

ಇದೆಲ್ಲ ಆದ ಮೇಲೂ, ನೀನು ಮಾಡಿದ್ದನ್ನು ಆ ಬಡಪಾಯಿ ಕಮ್ಮಾರನ ತಲೆಗೆ ಕಟ್ಟಿ ನನ್ನ ಮಗನನ್ನು ಅವನ ಮೇಲೆ ಛೂ ಬಿಟ್ಟೆಯಲ್ಲ, ನಿನಗೆ ನಾಚಿಕೆಯಾಗಲಿಲ್ಲವೇ? ತಾಜಸ್ಸಿರ್‌ನ ಕಿವಿ ಹಿಡಿದು ಕರೆದುಕೊಂಡು ಹೋಗಿ ಕರ್ರಾರ್‌ನ ಮುಂದೆ ನಿಲ್ಲಿಸಿದೆ. ಅವನೇ ತಿದಿ ಹೊಲಿದುಕೊಟ್ಟ, ಹೊಸ ಗಡಿಗೆ ಹೊತ್ತು ತಂದ. ಮುದುಕ ಅವನಿಗೆ ಕಾಫಿ ಕುಡಿಸಿ, "ನಿನ್ನ ಕೈ ಗಟ್ಟಿ ಇದೆ ಕಣೋ, ನನ್ನ ಮಾಲು ಇಷ್ಟು ಚೆನ್ನಾಗಿ ಯಾರೂ ಬಗ್ಗಿಸಿರಲಿಲ್ಲ" ಎಂದ. ಮಗ ಮದುವೆಯ ನಂತರ ಮೊದಲ ಸಲ ನಕ್ಕ.

ಮಾರನೆಯ ದಿನ ನಾನು ಹಾಜಿ ಬದವಿಯ ಮನೆಗೆ ಹೋದೆ. ನಿನ್ನನ್ನು ಕರೆಸಿ ನಿನ್ನ ಬಾಯಲ್ಲೇ ಹೇಳಿಸಬೇಕು ಎಂದು ಮೊದಲು ಯೋಚಿಸಿದ್ದೆ. ಆದರೆ ಕರ್ರಾರ್‌ನ ಹೆಸರು ಹೇಳಿದವನು ಇನ್ನೊಬ್ಬರ ಹೆಸರು ಹೇಳುವುದಿಲ್ಲ ಎಂದು ಯಾವ ಗ್ಯಾರಂಟಿ? ಗಂಡಸರ ಜಗುಲಿಯ ಬಾಗಿಲಲ್ಲಿ ನಿಂತು, ಸೆರಗು ಬಿಗಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಹಾಜಿಯವರೇ, ಕತ್ತಿ ಇತ್ತು. ಕರಾರೀನೂ ನಿಜ, ನಮ್ಮಪ್ಪ ಸತ್ತಿದ್ದೂ ನಿಜ. ನನ್ನ ತಮ್ಮ ಅದನ್ನ ಕೆಲಸದಲ್ಲಿ ಮೇಲೇರೋಕೆ ಒಬ್ಬ ಖವಾಜಾಗೆ ಕೊಟ್ಟ. ಗೋಡೆ ಕತ್ತಿ ತಂದು ನಮ್ಮನೇಲಿ ನೇತುಹಾಕ್ದ. ನನಗಾಗಲಿ ನನ್ನ ಮಗನಿಗಾಗಲಿ ಗೊತ್ತಿರ್ಲಿಲ್ಲ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ."

ಹಾಜಿ ಬಹಳ ಹೊತ್ತು ಜಪಮಣಿ ಎಣಿಸಿದ. ಕೊನೆಗೆ, "ಸ್ವಂತ ತಮ್ಮನ ಮೇಲೆ ಇಂಥ ಮಾತು ಯಾವ ಹೆಂಗಸೂ ಸುಳ್ಳು ಹೇಳಲ್ಲ. ನಂಬಿದೆ" ಎಂದ. "ಹುಡುಗಿ ಬರ್ತಾಳೆ. ಆದ್ರೆ ಒಂದು ಮಾತು ಕೊಡು. ನನ್ನ ಮಗಳಿರೋ ಮನೆ ಹೊಸ್ತಿಲನ್ನ ಆ ಮನುಷ್ಯ ತುಳೀಬಾರ್ದು. ಹಬ್ಬಕ್ಕೂ ಇಲ್ಲ, ಸಾವಿಗೂ ಇಲ್ಲ."

ನಿನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು. ಟೈಫಾಯಿಡ್ ಬಂದಾಗ ನಿನ್ನ ಹಾಸಿಗೆ ಬಿಟ್ಟು ಏಳಲಿಲ್ಲ. ಇದೆಲ್ಲ ಆ ಬಾಗಿಲಲ್ಲಿ ನಿಂತಾಗ ನೆನಪಾಯಿತು. ನನ್ನ ಹಿಂದೆ ಮಗ ನಿಂತಿದ್ದ, ಅವನ ಉಸಿರು ಕೇಳುತ್ತಿತ್ತು. "ಆಗ್ಲಿ" ಅಂದೆ.

ಅದೇ ಸಂಜೆ ಮದೀನಾಳನ್ನು ಕಳಿಸಿಕೊಟ್ಟರು. ಹಾಜಿ ಎಲ್ಲಿಂದಲೋ ಒಂದು ಕತ್ತಿ ತರಿಸಲು ಹೊರಟಿದ್ದ, ಹಬೂಬಾ ಬೇಡ ಎಂದಳು. "ಕತ್ತಿ ಸಹವಾಸ ಸಾಕು. ಲೋ ಮಗಾ, ಕೈಯಲ್ಲೇ ತಟ್ಟೋ. ಅದನ್ನಂತೂ ಯಾರೂ ನಕಲಿ ಮಾಡ್ಸಿಲ್ವಲ್ಲ?" ಎಂದಳು. ತಾಜಸ್ಸಿರ್ ಅಂಗೈಯಿಂದ ತೊಲೆಗೆ ಹೊಡೆದ. ಹುಡುಗಿಯರು ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದರು. ಸೊಸೆ ಒಳ್ಳೆಯವಳು, ಬಾಯಿ ಸ್ವಲ್ಪ ಜೋರು. ನನಗೆ ಅಂಥವರೇ ಇಷ್ಟ.

ಆದ್ದರಿಂದ, ಜುಬಾರಾ, ನೀನು ಇನ್ನು ಈ ಮನೆಗೆ ಬರಬೇಡ. ಬಕ್ರೀದಿಗೆ ರಜೆ ಹಾಕಿದ್ದೇನೆ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆಯಲ್ಲ, ಅದನ್ನು ರದ್ದು ಮಾಡು. ಇನ್ನೊಂದು ಕತ್ತಿ ಕೊಂಡು ಕಳಿಸುವ ಉಸಾಬರಿಯೂ ಬೇಡ. ಮಾತು ಕೊಟ್ಟಾಗಿದೆ. ಕೊಟ್ಟದ್ದಕ್ಕೆ ದುಃಖವಿದೆ, ಪಶ್ಚಾತ್ತಾಪವಿಲ್ಲ.

ಇನ್ನು ಆಶೀರ್ವಾದ. ಅಲ್ಲಾಹನು ನಿನ್ನ ಮಕ್ಕಳಿಗೆ ದೀರ್ಘಾಯುಸ್ಸು ಕೊಡಲಿ. ನಿನ್ನ ಹೆಂಡತಿಯ ಕೆಮ್ಮು ವಾಸಿಯಾಗಲಿ. ನಿನ್ನ ಕುರ್ಚಿ ಗಟ್ಟಿಯಾಗಿರಲಿ, ಅಷ್ಟು ದುಬಾರಿಯ ಕುರ್ಚಿ ಮುರಿದು ಬಿದ್ದರೆ ನನಗೇ ಬೇಜಾರು. ನಿನ್ನ ಮಕ್ಕಳಲ್ಲಿ ಯಾರೂ ಒಡಹುಟ್ಟಿದವರಿಗೆ ಇಂಥ ಪತ್ರ ಬರೆಯುವ ಹಾಗೆ ಆಗದಿರಲಿ. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಸಿತ್ತಾನಾ ಬಿಂತ್ ದೈಫಲ್ಲಾ

ಮತ್ತೆ ಬರೆದದ್ದು: ಈ ಪತ್ರ ನಿನಗೆ ಅಂಚೆಯಲ್ಲಿ ಬಂದಿಲ್ಲ, ಅಮ್ಮನ ಕೈಯಲ್ಲಿ ಬಂದಿದೆ. ಯಾಕೆ ಎಂದು ಅವಳನ್ನು ಕೇಳಬೇಡ, ನಾನೇ ಹೇಳುತ್ತೇನೆ.

ಮೇಲಿನದನ್ನು ಬರೆದು ಮುಗಿಸಿದ ಮೇಲೆ, ಹಾಜಿ ಬದವಿಗೆ ಮಾತು ಕೊಟ್ಟದ್ದನ್ನೂ ಸೇರಿಸಿ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಕತ್ತಿ ಖವಾಜಾನ ಪಾಲಾಯಿತು ಎಂದಾಗ ಅವಳು ಹೌಹಾರಲಿಲ್ಲ. "ಹಂಗಾದ್ರೆ ನನ್ನ ಮಗ ಈ ಮನೆಗೆ ಬರೋ ಹಂಗಿಲ್ವಾ?" ಎಂದಷ್ಟೇ ಕೇಳಿದಳು. ಆಮೇಲೆ ಅವಳೇ ಹೇಳಿದಳು: "ನಾನೇ ಗೂಟದಿಂದ ತೆಗೆದು ಕೊಟ್ಟಿದ್ದು. ಸಾಹೇಬನಿಗೆ ಕೊಡ್ಬೇಕು ಅಂತ ಕೇಳ್ದ, ಕೊಟ್ಟೆ. ಗಂಡನ್ನ ಉಳಿಸದ ಕತ್ತಿ ಮಗನಿಗೆ ಅನ್ನವಾದ್ರೂ ಕೊಡ್ಲಿ ಅಂತ. ನಿನಗೆ ಹೇಳಿದ್ರೆ ನೀನು ಬಿಡ್ತಿದ್ಯಾ?"

ಅಂದರೆ ಮದುವೆಯ ದಿನ ನನ್ನ ಮಗನ ಕೈಗೆ ಕತ್ತಿ ಕೊಟ್ಟು, ಅದಕ್ಕೆ ಗಂಧ ಹಚ್ಚಿ, ಹಣೆಗೆ ಮುತ್ತಿಟ್ಟು ಕಳಿಸಿದಳಲ್ಲ, ಆಗಲೂ ಅವಳಿಗೆ ಗೊತ್ತಿತ್ತು. "ಮೆಲ್ಲಗೆ ತಟ್ತಾನೆ ಅಂದ್ಕೊಂಡಿದ್ದೆ" ಎಂದಳು.

ಜುಬಾರಾ, ನನ್ನ ಗಂಡ ಸತ್ತ ವರ್ಷದ ನಮ್ಮ ಪಾಡು ನಿನಗೆ ಗೊತ್ತಿಲ್ಲ, ನೀನಾಗ ಓದುತ್ತಿದ್ದೆ, ನಿನ್ನ ಓದಿಗೆ ತೊಂದರೆಯಾಗದಿರಲಿ ಎಂದು ನಾವು ಏನನ್ನೂ ಬರೆಯುತ್ತಿರಲಿಲ್ಲ. ತಾಜಸ್ಸಿರ್ ಹಾಲಿಲ್ಲದೆ ಅಳುತ್ತಿದ್ದ. ನನ್ನ ಮೈಮೇಲೆ ಒಂದು ಉಂಗುರವೂ ಉಳಿದಿರಲಿಲ್ಲ. ಆ ಕತ್ತಿಯನ್ನು ಒತ್ತೆ ಇಡೋಣ, ಮಾರುವುದು ಬೇಡ, ಟೋಪಿ ಹೊಲಿದು ಬಿಡಿಸಿಕೊಳ್ಳುತ್ತೇನೆ ಎಂದು ಅಮ್ಮನ ಕಾಲು ಹಿಡಿದಿದ್ದೆ. "ನಿಮ್ಮಪ್ಪನ ರಕ್ತ ಅದು, ಕೈ ಹಾಕಿದ್ರೆ ನಿನಗೆ ನಾನಿಲ್ಲ" ಎಂದಿದ್ದಳು. ನಾನು ಅದನ್ನು ನಂಬಿದೆ. ಅದು ರಕ್ತವೇ ಎಂದು ಇಷ್ಟು ವರ್ಷ ನಂಬಿಕೊಂಡು ಎಣ್ಣೆ ಹಚ್ಚಿದೆ.

ಈಗ ಅವಳು ನಿನ್ನ ಹತ್ತಿರ ಇರಲು ಬರುತ್ತಿದ್ದಾಳೆ. ಮಗ ಬರಲಾಗದ ಮನೆಯಲ್ಲಿ ತಾನಿರುವುದಿಲ್ಲ ಅಂದಳು, ನಾನು ತಡೆಯಲಿಲ್ಲ. ರೈಲಿನಲ್ಲಿ ಚಹಾ ವ್ಯಾಪಾರಿಯ ಹೆಂಡತಿ ಜೊತೆಗಿರುತ್ತಾಳೆ. ಇಡೀ ಬೆಳಿಗ್ಗೆ ಅವಳ ಗಂಟು ಕಟ್ಟಿದೆ. ಒಂದು ಸಲವಾದರೂ ನನ್ನ ಬಗ್ಗೆ ಏನಾದರೂ ಕೇಳುತ್ತಾಳೆಂದು ನಿಧಾನಕ್ಕೆ ಕಟ್ಟಿದೆ. "ಜುಬಾರಾನಿಗೆ ಒಣಗಿಸಿದ ಬೆಂಡೆಪುಡಿ ಇಟ್ಯಾ?" ಎಂದು ಕೇಳಿದಳು.

ಇಟ್ಟಿದ್ದೇನೆ.